ತುಘಲಕ್‌ನ ಮನಸ್ಸು ತಿರುಗಿದ್ದು ಯಾವ ದೃಶ್ಯದಲ್ಲಿ?

ಬೇಣದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಾವು ಎಂಟು ಜನ ಭಾನುವಾರ ಸಂಜೆ ಒಬ್ಬರ ಮನೆಯ ಜಗಲಿಯಲ್ಲಿ ಕೂತು ನಾಟಕ ಓದುತ್ತೇವೆ. ಆಡುವುದಿಲ್ಲ, ಬರೀ ಓದು. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವುದು, ಆಮೇಲೆ ಕಷಾಯ ಕುಡಿಯುತ್ತಾ ಮಾತು. ಈ ಮಳೆಗಾಲಕ್ಕೆ ಗಿರೀಶ ಕಾರ್ನಾಡರ ‘ತುಘಲಕ್’ ಹಿಡಿದಿದ್ದೇವೆ, ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಕಥೆ. ಕಾರ್ನಾಡರು ಹುಡುಗರಾಗಿದ್ದಾಗ ಇದ್ದದ್ದು ನಮ್ಮ ಶಿರಸಿಯಲ್ಲೇ. ಕಂಪನಿ ನಾಟಕ, ಯಕ್ಷಗಾನ ನೋಡುತ್ತಾ ಬೆಳೆದದ್ದು ಇಲ್ಲಿಯೇ. 1964ರಲ್ಲಿ ಈ ನಾಟಕ ಬಂದಾಗ ಅವರಿಗಿನ್ನೂ 26 ವರ್ಷ. ನಮ್ಮ ಗುಂಪಿನಲ್ಲಿ ಅದೇ ವಯಸ್ಸಿನ ಹುಡುಗಿಯೊಬ್ಬಳು ಸುಲ್ತಾನನ ಪಾತ್ರ ಓದುತ್ತಾಳೆ. ನನ್ನ ಪಾಲಿಗೆ ಬಂದದ್ದು ಬರನಿ, ಅಂದರೆ ಸುಲ್ತಾನನ ಜೊತೆಗಿರುವ ಇತಿಹಾಸಕಾರ.

ಈಗ ವಿಷಯಕ್ಕೆ ಬರುತ್ತೇನೆ. ನಾಟಕದಲ್ಲಿ 13 ದೃಶ್ಯಗಳಿವೆ. ನಾನು ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಪ್ರತಿ ದೃಶ್ಯಕ್ಕೂ ಮೂರು ವಿಷಯ ಬರೆಯುತ್ತಾ ಬಂದೆ. ಸುಲ್ತಾನನಿಗೆ ಈಗ ಏನು ಬೇಕು? ಯಾಕೆ ಬೇಕು ಅಂತ ಬಾಯಲ್ಲಿ ಹೇಳುತ್ತಾನೆ? ಯಾರ ಎದುರು ಹೇಳುತ್ತಾನೆ? ಬರೆದು ಮುಗಿಸಿದಾಗ ಒಂದು ಸಂಗತಿ ಕಾಣಿಸಿತು. ಏನು ಬೇಕು ಅನ್ನುವ ಸಾಲು ಬಹಳ ಹೊತ್ತು ಬದಲಾಗುವುದೇ ಇಲ್ಲ. ಮೊದಲ ದೃಶ್ಯದಲ್ಲೂ ರಾಜಧಾನಿಗೆ ದಿಲ್ಲಿ ಬದಲು ದೌಲತಾಬಾದ್ ಬೇಕು, ಆರನೆಯದರಲ್ಲೂ ದೌಲತಾಬಾದ್ ಬೇಕು. ಆದರೂ ಒಂದರಲ್ಲಿ ಕಂಡ ಮನುಷ್ಯ ಇನ್ನೊಂದರಲ್ಲಿ ಇಲ್ಲ. ಹಾಗಾದರೆ ತಿರುಗಿದ್ದು ಎಲ್ಲಿ?

ನನ್ನ ಮಟ್ಟಿಗೆ ಆರನೇ ದೃಶ್ಯ. ಮೊದಲ ದೃಶ್ಯದಲ್ಲಿ ರಾಜಧಾನಿ ಬದಲಿಸುವ ಸುದ್ದಿ ಹೇಳುವಾಗ ಅವನು ಕಾರಣ ಕೊಡುತ್ತಾನೆ. ದಿಲ್ಲಿ ಗಡಿಗೆ ತೀರಾ ಹತ್ತಿರ. ದೌಲತಾಬಾದ್ ಹಿಂದೂಗಳ ಊರು, ಅಲ್ಲಿ ಹೋದರೆ ಎರಡು ಜನಾಂಗ ಹತ್ತಿರವಾಗುತ್ತವೆ. ಮುಖ್ಯವಾಗಿ, ಇದು ಆಜ್ಞೆ ಅಲ್ಲ, ಕರೆ ಅನ್ನುತ್ತಾನೆ. ನನ್ನ ಮೇಲೆ ನಂಬಿಕೆ ಇದ್ದವರು ಮಾತ್ರ ಬನ್ನಿ ಅನ್ನುವ ಧಾಟಿ. ಆರನೇ ದೃಶ್ಯದ ಕೊನೆಗೆ ಬಂದರೆ ದಿಲ್ಲಿಯಲ್ಲಿ ಒಂದು ನರಪಿಳ್ಳೆಯೂ ಉಳಿಯಬಾರದು. ‘ಬನ್ನಿ’ ಹೋಗಿ ‘ನಡೆಯಿರಿ’ ಆಯಿತು. ನಡುವೆ ಆದದ್ದು ಇಷ್ಟು: ಪ್ರಾರ್ಥನೆಯ ಹೊತ್ತಿನಲ್ಲಿ ಅಮೀರರು, ಅಂದರೆ ಆಸ್ಥಾನದ ಸರದಾರರು, ಅವನನ್ನು ಕೊಲ್ಲಲು ಬಂದರು, ಅವರ ಜೊತೆಗಿದ್ದ ಶಿಹಾಬುದ್ದೀನನನ್ನು ಅವನು ತನ್ನ ಕೈಯಾರೆ ಇರಿದ. ಒಂದು ಸಲ ಅಲ್ಲ, ಮತ್ತೆ ಮತ್ತೆ.

ನಿಮಗೇನು ಅನಿಸುತ್ತದೆ? ಬೇರೆ ದೃಶ್ಯ ಹೇಳುವವರಿದ್ದರೆ ದಯವಿಟ್ಟು ಬರೆಯಿರಿ.

ಎರಡನೇ ಸೆಮ್ (ಕುಮಟಾ)

ಅಣ್ಣ, ನಮಗೆ ಇದೇ ನಾಟಕ ಪಠ್ಯ. ನೋಟ್ಸ್‌ನಲ್ಲಿ ‘ಆದರ್ಶವಾದಿಯಾಗಿದ್ದ ಸುಲ್ತಾನ ಕ್ರೂರಿಯಾದ’ ಅಂತ ಒಂದೇ ಸಾಲು ಇದೆ. ನನಗೆ ಅದು ಸಾಕಾಗುತ್ತಿಲ್ಲ. ಯಾಕೆಂದರೆ ಎಂಟನೇ ದೃಶ್ಯದಲ್ಲಿ ಕೋಟೆಯ ಕಾವಲುಗಾರ ಹುಡುಗನ ಹತ್ತಿರ ಅವನು ಮಾತಾಡುವ ರೀತಿ ಕ್ರೂರಿಯದಲ್ಲ. ತಾನು ಆ ವಯಸ್ಸಿನಲ್ಲಿ ಹೇಗಿದ್ದೆ, ಈ ಕೋಟೆ ಕಟ್ಟುವಾಗ ಏನೆಲ್ಲ ಕನಸು ಇತ್ತು ಅಂತ ಹೇಳುತ್ತಾನೆ. ಓದುವಾಗ ಅಳು ಬಂತು. ಕ್ರೂರಿ ಅಂತ ಬರೆದುಬಿಟ್ಟರೆ ಈ ದೃಶ್ಯವನ್ನು ಎಲ್ಲಿ ಇಡಲಿ?

ಮೂರನೇ ಬೆಲ್ (ಕುಮಟಾ)

ಬೇಣದಮನೆಯವರೆ, ನಿಮ್ಮ ಆರನೇ ದೃಶ್ಯವನ್ನು ನಾನು ಒಪ್ಪುವುದಿಲ್ಲ. ಹವ್ಯಾಸಿ ತಂಡದಲ್ಲಿ ನಾನು ಶಿಹಾಬುದ್ದೀನನ ಜೊತೆಗಾರ ರತನ್‌ಸಿಂಗ್‌ನ ಪಾತ್ರ ಮಾಡಿದ್ದೆ. ಆ ಅನುಭವದಿಂದ ಹೇಳುತ್ತಿದ್ದೇನೆ. ಮೂರನೇ ಮತ್ತು ನಾಲ್ಕನೇ ದೃಶ್ಯವನ್ನು ಒಟ್ಟಿಗೆ ಇಟ್ಟು ಓದಿ.

ಶೇಖ್ ಇಮಾಮುದ್ದೀನ್ ಸುಲ್ತಾನನನ್ನು ಟೀಕೆ ಮಾಡುವವನು. ಜನ ಅವನ ಮಾತಿಗೆ ಹುಚ್ಚೆದ್ದು ಸೇರುತ್ತಾರೆ. ದಿಲ್ಲಿಯ ದೊಡ್ಡ ಮಸೀದಿಯ ಮುಂದೆ ಅವನ ಭಾಷಣಕ್ಕೆ ಸುಲ್ತಾನನೇ ಏರ್ಪಾಡು ಮಾಡುತ್ತಾನೆ. ಒಬ್ಬನೂ ಬರುವುದಿಲ್ಲ. ಮೂರನೇ ದೃಶ್ಯದಲ್ಲಿ ಸುಲ್ತಾನ ಎಷ್ಟು ನೊಂದವನ ಹಾಗೆ ಮಾತಾಡುತ್ತಾನೆ! ಆಮೇಲೆ ಶೇಖನನ್ನು ಒಪ್ಪಿಸಿ, ಶಾಂತಿದೂತ ಅಂತ ರಾಜನ ಉಡುಪು ಹಾಕಿಸಿ, ದಂಡೆತ್ತಿ ಬಂದ ಐನ್-ಉಲ್-ಮುಲ್ಕ್‌ನ ಸೈನ್ಯದ ಎದುರು ಕಳಿಸುತ್ತಾನೆ. ಶೇಖನ ಮುಖಚಹರೆ ಸುಲ್ತಾನನ ಹಾಗೇ, ಅವನು ಅಲ್ಲಿ ಸಾಯುತ್ತಾನೆ. ನಾಲ್ಕನೇ ದೃಶ್ಯದಲ್ಲಿ ರತನ್‌ಸಿಂಗ್ ಬಂದು ಗುಟ್ಟು ಬಿಚ್ಚುತ್ತಾನೆ. ಭಾಷಣಕ್ಕೆ ಹೋಗಬೇಡಿ ಅಂತ ಸಿಪಾಯಿಗಳು ಮನೆ ಮನೆಗೆ ಹೋಗಿ ಹೆದರಿಸಿದ್ದರು. ಯುದ್ಧ ಶುರುವಾಗಿದ್ದೂ ಸುಲ್ತಾನನ ಕಡೆಯ ಕಹಳೆಯಿಂದಲೇ.

ಈ ಮಾತು ಹೇಳುವಾಗ ನನಗೆ ಪ್ರತಿ ಸಲ ಮೈ ಜುಂ ಅನ್ನುತ್ತಿತ್ತು. ಪ್ರೇಕ್ಷಕರು ಒಮ್ಮೆಲೇ ಸುಮ್ಮನಾಗುತ್ತಿದ್ದರು. ಯಾಕೆಂದರೆ ಒಂದು ದೃಶ್ಯದ ಹಿಂದೆ ಅವರೂ ಸುಲ್ತಾನನನ್ನು ನಂಬಿದ್ದರು. ಹಾಗಾಗಿ ನನ್ನ ಪ್ರಕಾರ ಮನಸ್ಸು ತಿರುಗಿದ್ದೇ ಇಲ್ಲ. ಮೊದಲಿನಿಂದ ಎರಡೂ ಇತ್ತು. ಒಳ್ಳೆಯದು ಮಾಡಬೇಕು ಅನ್ನುವುದೂ ನಿಜ, ಅಡ್ಡ ಬಂದವನನ್ನು ತೆಗೆಯಬೇಕು ಅನ್ನುವುದೂ ನಿಜ. ಆರನೇ ದೃಶ್ಯದಲ್ಲಿ ಎರಡನೆಯದನ್ನು ಮುಚ್ಚಿಡುವುದನ್ನು ನಿಲ್ಲಿಸಿದ, ಅಷ್ಟೇ.

ಬೇಣದಮನೆ (ಶಿರಸಿ)

ಇದು ನನ್ನನ್ನು ಯೋಚನೆಗೆ ಹಚ್ಚಿತು. ನನ್ನ ಹಾಳೆಯಲ್ಲಿ ‘ಬಾಯಲ್ಲಿ ಹೇಳುವ ಕಾರಣ’ ಅಂತ ಇದೆ, ಮುಚ್ಚಿಟ್ಟ ಕಾರಣಕ್ಕೆ ಜಾಗವೇ ಇಲ್ಲ. ಇವತ್ತೇ ಇನ್ನೊಂದು ಗೆರೆ ಎಳೆಯುತ್ತೇನೆ.

ಆದರೆ ಒಂದು ಮಾತು. ಆರನೇ ದೃಶ್ಯದಲ್ಲಿ ಕೊಲೆಯ ಯತ್ನಕ್ಕೆ ಸ್ವಲ್ಪ ಮುಂಚೆ ಅವನು ಅಮೀರರ ಮುಂದೆ ಮೊಣಕಾಲೂರಿ ಬೇಡಿಕೊಳ್ಳುತ್ತಾನೆ. ನನ್ನ ಜೊತೆಗಿರಿ ಅಂತ. ಒಳಸಂಚು ಅವನಿಗೆ ಗೊತ್ತಿತ್ತು. ಆದರೂ ಆ ಬೇಡಿಕೆ ಪೂರ್ತಿ ನಾಟಕ ಅಂತ ನನಗೆ ಅನಿಸುವುದಿಲ್ಲ. ನಮ್ಮ ಹುಡುಗಿ ಅದನ್ನು ಓದಿದ ಮೇಲೆ, ‘ಇವರಲ್ಲಿ ಒಬ್ಬನಾದರೂ ಹೌದು ಅಂದಿದ್ದರೆ ಕತ್ತಿ ಕೆಳಗಿಡುತ್ತಿದ್ದ’ ಅಂದಳು. ನಾನು ಅವಳ ಪಕ್ಷ.

ಎರಡನೇ ಸೆಮ್‌ನವರೆ, ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು. ಆ ಕಾವಲುಗಾರನ ದೃಶ್ಯವನ್ನು ಬಿಟ್ಟು ಉತ್ತರ ಬರೆಯಬೇಡಿ. ಅಲ್ಲಿ ಅವನು ಯಾರ ಹತ್ತಿರ ಮಾತಾಡುತ್ತಿದ್ದಾನೆ ನೋಡಿ. ಹೆಸರೂ ಇಲ್ಲದ ಹುಡುಗ. ಮಂತ್ರಿಯಲ್ಲ, ಅಮೀರನಲ್ಲ. ಅವನನ್ನು ಒಲಿಸಿಕೊಳ್ಳುವುದರಿಂದ ಸುಲ್ತಾನನಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಅಲ್ಲಿ ಬರುವ ಮಾತನ್ನು ನಂಬಬಹುದು.

ಮದ್ದಳೆಮನೆ (ಹೊನ್ನಾವರ)

ನಾನು ಹೊಸ ನಾಟಕಗಳನ್ನು ಹೆಚ್ಚು ನೋಡಿದವನಲ್ಲ. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವನು, ಪಾತ್ರದ ಮಾತಾಡುವವನು. ಅದೂ ಊರ ಮಟ್ಟದಲ್ಲಿ. ಮೊಮ್ಮಗಳು ಈ ಚರ್ಚೆ ಓದಿ ಹೇಳಿದಳು. ಪುಸ್ತಕ ತರಿಸಿ ಎರಡು ಸಲ ಓದಿ ಬರೆಯುತ್ತಿದ್ದೇನೆ.

ನೀವು ಹಾಳೆಯ ಮೇಲೆ ಮಾಡುತ್ತಿರುವುದನ್ನು ನಾವು ಚಾಪೆಯ ಮೇಲೆ ಕೂತು ಮಾಡುತ್ತೇವೆ. ಭಾಗವತರು ಹಾಡುವ ಪದ್ಯ ಎಲ್ಲರಿಗೂ ಒಂದೇ. ಆದರೆ ಕೃಷ್ಣಸಂಧಾನದಲ್ಲಿ ಕೌರವ ಐದು ಊರನ್ನೂ ಕೊಡುವುದಿಲ್ಲ ಅಂದದ್ದು ಯಾಕೆ? ಒಬ್ಬರು ಲೋಭ ಅಂತ ಅರ್ಥ ಹೇಳುತ್ತಾರೆ. ಇನ್ನೊಬ್ಬರು ಅಪ್ಪ ಕುರುಡ ಅಂತ ತಪ್ಪಿಹೋದ ಪಟ್ಟದ ಹಟ ಅನ್ನುತ್ತಾರೆ. ಕೆಲವರು ಪಾಂಡವರ ಹುಟ್ಟಿನ ಪ್ರಶ್ನೆ ಎತ್ತುತ್ತಾರೆ. ಪದ್ಯ ಅದೇ, ಕೌರವ ಮೂರು. ಎದುರಿನ ಕೃಷ್ಣ ಹೇಗೆ ಕೆದಕುತ್ತಾನೋ ಅದರ ಮೇಲೂ ಹೋಗುತ್ತದೆ. ನಾನು ಕಲಿತದ್ದು ಏನೆಂದರೆ, ಪಾತ್ರದ ಒಳಗನ್ನು ಹೊರಗೆ ಎಳೆಯುವುದು ಎದುರು ಕೂತವನ ಪ್ರಶ್ನೆ.

ಆ ಲೆಕ್ಕದಲ್ಲಿ ಈ ನಾಟಕದಲ್ಲಿ ಸುಲ್ತಾನನಿಗೆ ಸರಿಯಾದ ಎದುರು ಅರ್ಥಧಾರಿ ಒಬ್ಬಳೇ. ಮಲತಾಯಿ. ಹತ್ತನೇ ದೃಶ್ಯ. ತಾಮ್ರದ ಖೋಟಾ ನಾಣ್ಯದ ಗಾಡಿಗಳು ಸಾಲುಗಟ್ಟಿ ಬರುತ್ತಿವೆ. ಬೆಳ್ಳಿ ಬಂಗಾರ ಕೊಟ್ಟು ಆ ನಾಣ್ಯ ತಗೊಂಡು, ಅವನು ಆಸೆಯಿಂದ ಮಾಡಿದ ಗುಲಾಬಿ ತೋಟದಲ್ಲಿ ಸುರಿಯುತ್ತಿದ್ದಾರೆ. ಅಲ್ಲಿ ಅವಳು ಮಂತ್ರಿ ನಜೀಬನನ್ನು ಕೊಲ್ಲಿಸಿದ್ದು ನಾನೇ ಅನ್ನುತ್ತಾಳೆ. ನಿನಗಾಗಿ ಮಾಡಿದೆ ಅನ್ನುತ್ತಾಳೆ. ಅಪ್ಪನನ್ನು, ತಮ್ಮನನ್ನು ಕೊಲ್ಲುವುದಕ್ಕಿಂತ ಇದು ಸುಲಭವಾಗಿತ್ತು ಅಂತ ಚುಚ್ಚುತ್ತಾಳೆ. ಅವನ ಉತ್ತರ, ನಾನು ಕೊಂದದ್ದು ಒಂದು ಆದರ್ಶಕ್ಕಾಗಿ ಅಂತ. ಅಲ್ಲಿವರೆಗೆ ಇಡೀ ನಾಟಕದಲ್ಲಿ ಯಾರೂ ಅವನಿಂದ ಹೀಗೆ ಬಾಯಿ ಬಿಡಿಸಿರಲಿಲ್ಲ.

ಆಮೇಲೆ ಅವಳಿಗೆ ಸಿಕ್ಕಿದ್ದು ಕಲ್ಲು ಹೊಡೆದು ಕೊಲ್ಲುವ ಶಿಕ್ಷೆ. ಬಹಿರಂಗವಾಗಿ.

ನಾನು ಆ ಪಾತ್ರಕ್ಕೆ ಅರ್ಥ ಹೇಳುವುದಾದರೆ ಅವಳ ಉದ್ದೇಶ ಮೊದಲಿನಿಂದ ಕೊನೆತನಕ ಒಂದೇ ಅಂತ ಹೇಳುತ್ತೇನೆ. ಮಗನನ್ನು ಉಳಿಸಬೇಕು. ಅವಳು ಒಂದೇ ಕಡೆ ನಿಂತಿದ್ದಕ್ಕೇ ಅವನು ಎಷ್ಟು ದೂರ ಹೋದ ಅಂತ ನಮಗೆ ಗೊತ್ತಾಗುವುದು. ತೆಪ್ಪ ಎಷ್ಟು ಸರಿಯಿತು ಅಂತ ನೋಡಲು ದಡದ ಮರ ಬೇಕಲ್ಲವಾ, ಹಾಗೆ.

ಮೂರನೇ ಬೆಲ್ (ಕುಮಟಾ)

ಹಿರಿಯರೆ, ನಿಮ್ಮ ಮಾತು ಓದಿ ಖುಷಿಯಾಯಿತು. ಆದರೂ ಮಲತಾಯಿ ಅಷ್ಟು ಸರಳ ಅಂತ ಅನಿಸುವುದಿಲ್ಲ. ಎರಡನೇ ದೃಶ್ಯದಲ್ಲೇ ಅವಳಿಗೆ ನಜೀಬನ ಮೇಲೆ ಅಸಮಾಧಾನ ಇದೆ. ಮಗ ತನ್ನ ಮಾತು ಕೇಳದೆ ಮಂತ್ರಿಯ ಮಾತು ಕೇಳುತ್ತಾನೆ ಅನ್ನುವ ನೋವು. ಪ್ರೀತಿಯ ಒಳಗೇ ಹಕ್ಕೂ ಕೂತಿದೆ. ನಜೀಬ್ ಹೋದರೆ ಮಗ ನನ್ನ ಹತ್ತಿರ ಬರುತ್ತಾನೆ ಅಂತ ಲೆಕ್ಕ ಹಾಕಿದಳು. ದಡದ ಮರವೂ ಸ್ವಲ್ಪ ವಾಲಿತ್ತು ಅಂತ ನನ್ನ ಅಭಿಪ್ರಾಯ.

ಮದ್ದಳೆಮನೆ (ಹೊನ್ನಾವರ)

ಇರಬಹುದು. ಎರಡನೇ ದೃಶ್ಯ ಮತ್ತೆ ಓದಿದೆ. ಚದುರಂಗದ ಲೆಕ್ಕ ಬಿಡಿಸಿದ ಸಂಭ್ರಮದಲ್ಲಿ ಅವನಿದ್ದಾನೆ, ಅವಳು ಆಳುತ್ತಿರುವ ಮಗನ ನಿದ್ದೆಯ ಚಿಂತೆಯಲ್ಲಿದ್ದಾಳೆ. ನೀವು ಹೇಳಿದ ಹಕ್ಕು ಅಲ್ಲಿ ಕಾಣುತ್ತದೆ. ಒಪ್ಪಿದೆ.

ಕಾಳೀತೀರ (ಕಾರವಾರ)

ಸ್ವಲ್ಪ ಬೇರೆ ಕಡೆಯಿಂದ ಬರುತ್ತೇನೆ, ಆದರೆ ಇದೇ ದಾರಿಗೆ ಸೇರುತ್ತದೆ. ನಮ್ಮ ಕಾರವಾರದಲ್ಲೂ ಒಂದು ನಾಟಕ ಹುಟ್ಟಿದೆ. 1883ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರು. ರವೀಂದ್ರರಿಗೆ 22 ವರ್ಷ. ಇಲ್ಲಿದ್ದಾಗಲೇ ‘ಪ್ರಕೃತಿಯ ಪ್ರತಿಶೋಧ’ ಅನ್ನುವ ಪದ್ಯನಾಟಕ ಬರೆದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದದ್ದನ್ನು, ತಿರುಗಿ ಬರುವಾಗ ದಂಡೆಯ ಮರಳಲ್ಲಿ ನಡೆದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ನಾವು ದಿನಾ ವಾಕಿಂಗ್ ಹೋಗುವ ಕಡಲತೀರಕ್ಕೆ ಈಗ ಅವರದೇ ಹೆಸರು.

ಆ ನಾಟಕದಲ್ಲಿ ಒಬ್ಬ ಸನ್ಯಾಸಿ. ಗುಹೆಯಲ್ಲಿ ಕೂತು ಎಲ್ಲ ಬಂಧನ ಗೆದ್ದೆ ಅಂತ ಹೆಮ್ಮೆಯಿಂದ ಹೊರಗೆ ಬರುತ್ತಾನೆ. ಊರವರು ಮುಟ್ಟದೆ ದೂರ ಇಟ್ಟ ಒಬ್ಬ ಅನಾಥ ಹುಡುಗಿಯನ್ನು ಹತ್ತಿರ ಬಿಟ್ಟುಕೊಳ್ಳುತ್ತಾನೆ. ಮೊದಲು ಅದು ಕರುಣೆಯಲ್ಲ. ನನಗೆ ಮೈಲಿಗೆಯೂ ಇಲ್ಲ ಮಡಿಯೂ ಇಲ್ಲ ಅನ್ನುವ ಹೆಮ್ಮೆ. ನಿಧಾನವಾಗಿ ಮಮತೆ ಹುಟ್ಟುತ್ತದೆ. ಅದಕ್ಕೆ ಹೆದರಿ ಅವಳನ್ನು ಬಿಟ್ಟು ಓಡಿಹೋಗುತ್ತಾನೆ. ಕೊನೆಗೆ ಮನಸ್ಸು ತಡೆಯದೆ ತಿರುಗಿ ಬಂದಾಗ ಹುಡುಗಿ ಬದುಕಿಲ್ಲ.

ನನಗೆ ಈ ಇಬ್ಬರು ಅಕ್ಕಪಕ್ಕ ಕಾಣುತ್ತಾರೆ. ಸನ್ಯಾಸಿ ಮಾಡುವ ಕೆಲಸ ಒಂದೇ, ಹುಡುಗಿಯನ್ನು ಜೊತೆಗೆ ಇಟ್ಟುಕೊಳ್ಳುವುದು. ಆ ಕೆಲಸದ ಒಳಗಿನ ಕಾರಣ ಹೆಮ್ಮೆಯಿಂದ ಪ್ರೀತಿಗೆ ಬದಲಾಯಿತು. ಸುಲ್ತಾನನೂ ಒಂದೇ ಕೆಲಸ ಹಿಡಿದಿದ್ದಾನೆ, ದೌಲತಾಬಾದ್. ಅವನ ಕಾರಣ ಪ್ರೀತಿಯಿಂದ ಹೆಮ್ಮೆಗೆ ಹೋಯಿತು. ಬೇಣದಮನೆಯವರ ಹಾಳೆಯಲ್ಲಿ ‘ಏನು ಬೇಕು’ ಬದಲಾಗದೆ ಉಳಿದದ್ದಕ್ಕೆ ಇದೇ ಉತ್ತರ ಇರಬಹುದು.

ಬೇಣದಮನೆ (ಶಿರಸಿ)

ಕಾಳೀತೀರದವರೆ, ಹೊರಗಿನ ಕೆಲಸ ಒಂದೇ ಇದ್ದು ಒಳಗಿನ ಕಾರಣ ತಿರುಗುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ನಿನ್ನೆ ಅಡಿಕೆ ತೋಟದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಸುವಾಗಲೂ ಇದೇ ತಲೆಯಲ್ಲಿತ್ತು.

ಕಡಲಬೇಲೆ (ಅಂಕೋಲಾ)

ಇಲ್ಲಿ ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಎಲ್ಲರೂ ಸುಲ್ತಾನನ ಮನಸ್ಸಿನ ಬಗ್ಗೆ ಮಾತಾಡುತ್ತಿದ್ದೀರಿ. ಏಳನೇ ದೃಶ್ಯದ ಬಗ್ಗೆ ಯಾರೂ ಹೇಳಲಿಲ್ಲ. ದಿಲ್ಲಿಯಿಂದ ದೌಲತಾಬಾದಿಗೆ ಜನ ನಡೆಯುವ ದಾರಿ.

ನಮ್ಮದು ಮೊದಲು ಕಡಲ ಪಕ್ಕದ ಊರು. ಒಂದು ದೊಡ್ಡ ಯೋಜನೆಗೆ ಊರು ಹೋಯಿತು. ನಾನು ಆಗ ಸಣ್ಣವಳು. ಮೊದಲ ಸಲ ಬಂದವರು ಜಗಲಿಯ ಮೇಲೆ ಕೂತು ನಕ್ಷೆ ಬಿಡಿಸಿ, ಅಜ್ಜಿ ಕೊಟ್ಟ ಚಹಾ ಕುಡಿದು, ನಿಮ್ಮ ಮಕ್ಕಳ ಒಳ್ಳೆಯದಕ್ಕೇ ಅಂದರು. ಮನಸ್ಸಿನಿಂದಲೇ ಹೇಳಿದರೇನೋ. ಕೆಲವು ವರ್ಷ ಬಿಟ್ಟು ಬಂದವರು ಕೂರಲಿಲ್ಲ. ಕಾಗದ ಕೊಟ್ಟು ತಾರೀಖು ಹೇಳಿದರು. ಅಜ್ಜಿ ತುಳಸಿಕಟ್ಟೆಯನ್ನು ಬಿಟ್ಟು ಬರುವಾಗ ಅದರ ಒಂದು ಹಿಡಿ ಮಣ್ಣು ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ‘ಬನ್ನಿ’ ಮತ್ತು ‘ನಡೆಯಿರಿ’ ಎರಡನ್ನೂ ನಾವು ಕೇಳಿದವರು.

ಹಾಗಾಗಿ ಏಳನೇ ದೃಶ್ಯ ಓದುವಾಗ ನನಗೆ ಬೇರೆಯೇ ಕಾಣಿಸಿತು. ಒಬ್ಬ ತಾಯಿ ಸಾಯುತ್ತಿರುವ ಮಗುವನ್ನು ಎತ್ತಿಕೊಂಡು, ಹಕೀಮರ ಹತ್ತಿರ ಹೋಗಲು ಬಿಡಿ ಅಂತ ಬೇಡುತ್ತಾಳೆ. ಶಿಬಿರದ ಅಧಿಕಾರಿ ಅಜೀಜ್ ದುಡ್ಡು ಕೇಳುತ್ತಾನೆ. ಅವಳ ಹತ್ತಿರ ಇಲ್ಲ. ಅವಳಿಗೆ ಸುಲ್ತಾನನ ಆದರ್ಶ, ನೋವು, ಮೊಣಕಾಲೂರಿದ್ದು ಯಾವುದೂ ಗೊತ್ತಿಲ್ಲ. ಅವಳ ಪಾಲಿಗೆ ಸುಲ್ತಾನ ಅಂದರೆ ಅಜೀಜನ ಚಾಚಿದ ಕೈ. ಮೇಲೆ ಯಾವ ಉದ್ದೇಶ ಇತ್ತೋ, ದಾರಿಗೆ ಇಳಿಯುವಾಗ ಅದು ಅಜೀಜನ ಉದ್ದೇಶವಾಗಿ ಇಳಿಯಿತು.

ಆ ತಾಯಿ ಮತ್ತೆ ಬರುತ್ತಾಳೆ, ನೆನಪಿದೆಯಾ? ಹನ್ನೊಂದನೇ ದೃಶ್ಯದಲ್ಲಿ. ಅಜೀಜ್ ಖಲೀಫರ ವಂಶದವನ ವೇಷ ಹಾಕಿ ಬಂದಾಗ ಗುಂಪಿನಲ್ಲಿದ್ದ ಅವಳು ಅವನನ್ನು ಗುರುತು ಹಿಡಿದು ಕೂಗುತ್ತಾಳೆ. ಸುಲ್ತಾನನಿಗೆ ಕಾಣದ್ದು ಅವಳಿಗೆ ಕಂಡಿತು.

ನಿಮ್ಮ ಹಾಳೆಯಲ್ಲಿ ‘ಯಾರ ಎದುರು ಹೇಳುತ್ತಾನೆ’ ಅಂತ ಇದೆ. ‘ಯಾರಿಗೆ ತಟ್ಟಿತು’ ಅಂತಲೂ ಒಂದು ಸೇರಿಸಿ.

ಎರಡನೇ ಸೆಮ್ (ಕುಮಟಾ)

ಅಕ್ಕ, ಇದನ್ನು ಓದಿದ ಮೇಲೆ ಏಳನೇ ದೃಶ್ಯವನ್ನು ಅಮ್ಮನಿಗೆ ಓದಿ ಹೇಳಿದೆ. ನಾವು ಕ್ಲಾಸಿನಲ್ಲಿ ಅದನ್ನು ಬೇಗ ದಾಟಿಬಿಟ್ಟಿದ್ದೆವು.

ಮೂರನೇ ಬೆಲ್ (ಕುಮಟಾ)

ಕಡಲಬೇಲೆಯವರೆ, ನಾನು ಇಷ್ಟು ಪ್ರದರ್ಶನದಲ್ಲಿ ನಿಂತು ಆ ತಾಯಿಯನ್ನು ಸರಿಯಾಗಿ ನೋಡಿರಲಿಲ್ಲ. ನಿಮ್ಮ ಮಾತಿನಿಂದ ಅಜೀಜನ ಬಗ್ಗೆ ಒಂದು ವಿಷಯ ಸ್ಪಷ್ಟವಾಯಿತು.

ಅಜೀಜ್ ಅಗಸ. ಮೊದಲ ದೃಶ್ಯದಲ್ಲಿ ಬ್ರಾಹ್ಮಣ ವಿಷ್ಣುಪ್ರಸಾದನ ವೇಷದಲ್ಲಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಸರ್ಕಾರ ಕಿತ್ತುಕೊಂಡ ಜಮೀನಿಗೆ 500 ಬೆಳ್ಳಿ ದಿನಾರ್ ಮತ್ತು ನೌಕರಿ. ಆಗ ಅವನಿಗೆ ಬೇಕಾಗಿದ್ದು ಹೊಟ್ಟೆಪಾಡು ಮತ್ತು ಸ್ವಲ್ಪ ದುಡ್ಡು. ದಾರಿಯಲ್ಲಿ ಅಧಿಕಾರದ ರುಚಿ ಹತ್ತುತ್ತದೆ. ಒಂಬತ್ತನೇ ದೃಶ್ಯದಲ್ಲಿ ಖಲೀಫರ ವಂಶದ ಘಿಯಾಸುದ್ದೀನ್ ಅಬ್ಬಾಸಿದ್‌ನನ್ನು ಕೊಂದು ಅವನ ವೇಷ ಹಾಕುತ್ತಾನೆ. ಕೊನೆಯ ದೃಶ್ಯದಲ್ಲಿ ಸಿಕ್ಕಿಬಿದ್ದಾಗ ಹೆದರುವುದಿಲ್ಲ. ನಿಮ್ಮ ಪ್ರತಿಯೊಂದು ಯೋಜನೆಯನ್ನೂ ನಂಬಿ ಅದರಂತೆ ನಡೆದವನು ನಾನೊಬ್ಬನೇ ಅನ್ನುವ ಹಾಗೆ ವಾದ ಹೂಡುತ್ತಾನೆ.

ಸುಲ್ತಾನ ಅವನನ್ನು ಕೊಲ್ಲುವುದಿಲ್ಲ. ಹುದ್ದೆ ಕೊಟ್ಟು ದಖ್ಖನಿಗೆ ಕಳಿಸುತ್ತಾನೆ. ಮಲತಾಯಿಗೆ ಸಿಗದ ಕ್ಷಮೆ ಅಗಸನಿಗೆ ಸಿಕ್ಕಿತು. ಇದು ನನಗೆ ಯಾವತ್ತೂ ಬಿಡಿಸಲಾಗದ ಗಂಟಾಗಿತ್ತು. ಈಗ ಅನಿಸುತ್ತದೆ, ಅವನಿಗೆ ಶಿಕ್ಷೆ ಕೊಟ್ಟರೆ ತನಗೇ ಕೊಟ್ಟುಕೊಳ್ಳಬೇಕು.

ಮದ್ದಳೆಮನೆ (ಹೊನ್ನಾವರ)

ಹೌದು. ಮೊದಲ ದೃಶ್ಯದಲ್ಲಿ ಸುಲ್ತಾನನಿಗೆ ತನ್ನನ್ನು ಅರ್ಥ ಮಾಡಿಕೊಳ್ಳುವ ಪ್ರಜೆ ಬೇಕಿತ್ತು. ಕೊನೆಯ ದೃಶ್ಯದಲ್ಲಿ ಸಿಕ್ಕಿದ. ಸಿಕ್ಕಿದವನು ಅಜೀಜ್. ಎಂಥ ಸಂಕಟ ಅದು! ಇದನ್ನು ಚಾಪೆಯ ಮೇಲೆ ಹೇಳಲು ನನಗೆ ಒಂದು ರಾತ್ರಿ ಸಾಲದು.

ಬೇಣದಮನೆ (ಶಿರಸಿ)

ನಿನ್ನೆ ಭಾನುವಾರ ಹದಿಮೂರನೇ ದೃಶ್ಯ ಓದಿ ಮುಗಿಸಿದೆವು. ಮಳೆ ಜೋರಿತ್ತು, ಏಳು ಗಂಟೆಗೆ ಕರೆಂಟ್ ಹೋಯಿತು. ಟಾರ್ಚ್ ಬೆಳಕಿನಲ್ಲಿ ಓದಿದೆವು. ನಿಮ್ಮೆಲ್ಲರ ಮಾತನ್ನು ಗುಂಪಿನವರಿಗೆ ಓದಿ ಹೇಳಿದ್ದೆ.

ಆರನೇ ದೃಶ್ಯದಲ್ಲೇ ತಿರುಗಿತು ಅನ್ನುವ ನನ್ನ ಮಾತನ್ನು ವಾಪಸ್ ತಗೊಳ್ಳುತ್ತೇನೆ. ಹಾಳೆಗೆ ‘ಯಾರಿಗೆ ತಟ್ಟಿತು’ ಅನ್ನುವ ಸಾಲು ಸೇರಿಸಿದ ಮೇಲೆ ಮೂರನೇ ದೃಶ್ಯದಿಂದಲೇ ಅದು ತುಂಬುತ್ತಾ ಹೋಯಿತು. ಶೇಖ್, ಶಿಹಾಬುದ್ದೀನ್, ಮಗು, ಮಲತಾಯಿ. ಹತ್ತನೇ ದೃಶ್ಯದ ಕೊನೆಗೆ ಅವನು ಪ್ರಾರ್ಥನೆ ಮಾಡಲು ಹೋಗುತ್ತಾನೆ. ತಾನೇ ನಿಲ್ಲಿಸಿದ ಪ್ರಾರ್ಥನೆ. ಬಾಯಿಗೆ ಬರುವುದು ಕಲಿತ ಶಬ್ದ ಮಾತ್ರ, ಒಳಗೆ ಏನೂ ಇಲ್ಲ. ಅಲ್ಲಿಂದ ಮುಂದೆ ‘ಯಾಕೆ’ ಅನ್ನುವ ಮನೆಯಲ್ಲಿ ಬರೆಯಲು ನನಗೆ ಏನೂ ಸಿಗಲಿಲ್ಲ. ಕಾರಣ ಬದಲಾದದ್ದಲ್ಲ, ಖಾಲಿಯಾದದ್ದು. ದಿಲ್ಲಿಗೆ ಹಿಂದಿರುಗೋಣ ಅನ್ನುವುದಕ್ಕೂ ಅವನು ಹುರುಪಿನ ಕಾರಣ ಕೊಡುವುದಿಲ್ಲ. ಕೊನೆಗೆ ಕೂತಲ್ಲೇ ನಿದ್ದೆ ಹೋಗುತ್ತಾನೆ.

ಇತಿಹಾಸದಲ್ಲಿ ಮುಹಮ್ಮದ್ ಬಿನ್ ತುಘಲಕ್ ಆಳಿದ್ದು 1325ರಿಂದ 1351ರವರೆಗೆ. ನಾಟಕ ಶುರುವಾಗುವುದು 1327ರಲ್ಲಿ, ನಡುವೆ ಐದು ವರ್ಷ ದಾಟುತ್ತದೆ. ಅಂದರೆ ಕಾರ್ನಾಡರು ಪರದೆ ಎಳೆದ ಮೇಲೂ ಅವನಿಗೆ ಹೆಚ್ಚು ಕಡಿಮೆ ಎರಡು ದಶಕ ಆಳುವುದಿತ್ತು. ಇದನ್ನು ಹೇಳಿದಾಗ ಸುಲ್ತಾನನ ಪಾತ್ರ ಓದಿದ ಹುಡುಗಿ ಪುಸ್ತಕ ಮಡಿಸಿ ಬಹಳ ಹೊತ್ತು ಮಾತಾಡಲಿಲ್ಲ.

ಇನ್ನು ನನ್ನ ಬರನಿ. ಅವನು ಬರೀ ನೋಡುವವನು, ಅವನಿಗೇನು ಉದ್ದೇಶ ಅಂತ ಅವನ ಹಾಳೆಯನ್ನು ನಾನು ಖಾಲಿ ಬಿಟ್ಟಿದ್ದೆ. ನಿನ್ನೆ ಗಟ್ಟಿಯಾಗಿ ಓದುವಾಗ ಗಂಟಲು ಕಟ್ಟಿತು. ಸುಲ್ತಾನನ ಗೆಳೆತನ ಸಿಕ್ಕಿದ ಹೆಮ್ಮೆಯಲ್ಲಿ ಅವನು ಇಷ್ಟು ವರ್ಷ ಜೊತೆಗಿದ್ದ. ಎಲ್ಲ ಕೊಲೆಗೂ ಹತ್ತಿರದಲ್ಲೇ ನಿಂತಿದ್ದ. ಕೊನೆಗೆ ತಾಯಿ ತೀರಿಕೊಂಡಳು, ಹೋಗಬೇಕು ಅಂತ ಹೇಳಿ ಹೊರಡುತ್ತಾನೆ. ಅದೇ ನಿಜವಾದ ಕಾರಣವಾ? ಅಥವಾ ಇನ್ನು ಇಲ್ಲಿದ್ದರೆ ತಾನೂ ಅವನ ಹಾಗೇ ಆಗುತ್ತೇನೆ ಅನ್ನುವ ಭಯವಾ? ಎಂಟನೇ ದೃಶ್ಯದಲ್ಲಿ ಎಲ್ಲ ಬಿಟ್ಟುಬಿಡಿ, ಪಂಡಿತರ ಜೊತೆ ಇರಿ ಅಂತ ಸುಲ್ತಾನನಿಗೆ ಹೇಳಿದವನು ಇವನೇ. ಆ ಮಾತನ್ನು ತನಗೆ ಹೇಳಿಕೊಳ್ಳಲು ಅವನಿಗೆ ಅಷ್ಟು ದಿನ ಬೇಕಾಯಿತು.

ಬರುವ ಭಾನುವಾರದಿಂದ ಮತ್ತೆ ಮೊದಲ ದೃಶ್ಯ ಶುರು ಮಾಡುತ್ತೇವೆ, ಈ ಸಲ ಪಾತ್ರ ಅದಲು ಬದಲು. ಮದ್ದಳೆಮನೆಯವರು ಮೊಮ್ಮಗಳ ಜೊತೆ ಬರುತ್ತೇನೆ ಅಂದಿದ್ದಾರೆ, ಅವರಿಗೆ ಮಲತಾಯಿಯ ಮಾತು. ಎರಡನೇ ಸೆಮ್‌ಗೆ ಆ ಕಾವಲುಗಾರ ಹುಡುಗ. ಕಡಲಬೇಲೆಯವರೆ, ದೇವಿಮನೆ ಘಟ್ಟದಲ್ಲಿ ಮಳೆಗೆ ಮಣ್ಣು ಕುಸಿಯದಿದ್ದರೆ ನೀವೂ ಬನ್ನಿ. ಏಳನೇ ದೃಶ್ಯದ ತಾಯಿಯನ್ನು ನೀವೇ ಓದಬೇಕು ಅಂತ ನಮ್ಮೆಲ್ಲರ ಆಸೆ.

ಕಡಲಬೇಲೆ (ಅಂಕೋಲಾ)

ಬರುತ್ತೇನೆ. ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ. ಹನ್ನೊಂದನೇ ದೃಶ್ಯದ ಕೂಗನ್ನೂ ನನಗೇ ಕೊಡಿ.